ದಪ್ಪ ಮೆಷಿನ್, ತೆಳು ಮೆಷಿನ್, ನಾಲ್ವರ ಡಬ್ಬಿ

ನನ್ನ ಮೊದಲ ವಿಡಿಯೋ ಗೇಮ್ ಮೆಷಿನ್‌ಗೆ ನಾನು ತೆತ್ತ ಬೆಲೆ ನನ್ನ ಪಾಲಿಗೆ ಬಂದ ಕುರಿಗಳೆಲ್ಲ, ಮೇಲೆ ಒಂದು ಮುಂಗಾರು ಪೂರ್ತಿ ಅಪ್ಪನ ಮೌನ. ಕುರಿ ಹೋದದ್ದಕ್ಕೆ ಆಗಾಗ ಬೇಸರವಾಗುತ್ತದೆ. ಮೌನವನ್ನು ಮಾತ್ರ ಲಾಭದ ಬಾಬತ್ತಿಗೇ ಸೇರಿಸಿದ್ದೇನೆ. ಅಪ್ಪ ಬಾಯಿ ಬಿಟ್ಟಿದ್ದರೆ ಖರ್ಚು ಇನ್ನೂ ಬೆಳೆಯುತ್ತಿತ್ತು.

ಯಾಕೆ ಮಾರಿದೆ ಎಂದು ದೊಡ್ಡಉಳ್ಳಾರ್ತಿಯಲ್ಲಿ ಇಡೀ ಊರು ಕೇಳಿತು. ಲೆಕ್ಕ ಸುಲಭವಿತ್ತು. ಕುರಿಗೆ ಮೇವು ಬೇಕು, ನೀರು ಬೇಕು, ಕಾಯಲು ನಾಯಿ ಬೇಕು, ಆ ನಾಯಿಗೂ ಮುದ್ದೆ ಬೇಕು. ಟಿವಿ ಮುಂದೆ ಕೂತ ಗಿರಾಕಿ ಉಂಡೇ ಬಂದಿರುತ್ತಾನೆ, ತಪ್ಪಿಸಿಕೊಂಡು ಯಾರ ಹೊಲಕ್ಕೂ ನುಗ್ಗುವುದಿಲ್ಲ, ಅರ್ಧ ಗಂಟೆಗೊಮ್ಮೆ ಎಬ್ಬಿಸಿದರೆ ಸಾಕು. ಇದನ್ನು ಅಪ್ಪನಿಗೆ ಬಿಡಿಸಿ ಹೇಳಿದೆ. ಅಪ್ಪ ಮೆಷಿನ್ನನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, “ಲೇ ತಿಪ್ಪೇಸಾ, ಕುರಿ ಸತ್ರೆ ಚರ್ಮನಾದ್ರೂ ಉಳಿತೈತೆ. ಇದು ಸತ್ರೆ ಏನು ಸುಲಿತೀಯಾ?” ಎಂದ. ಮೌನ ಶುರುವಾದದ್ದು ಅದಾದ ಮೇಲೆ.

ಚಳ್ಳಕೆರೆಯಲ್ಲಿ ನಾನು ಇಟ್ಟ ಗೇಮ್ ಅಂಗಡಿ ಈಗ ಮುಚ್ಚಿದೆ, ನಾನಾಗಿಯೇ ಮುಚ್ಚಿದೆ. ಹೊಸದಾಗಿ ಮೊಬೈಲ್, ಗೇಮ್ ಮೆಷಿನ್ ಮಾರಲು ಕೂತ ಹುಡುಗರು ಬಂದು “ಅಣ್ಣಾ, ಈ ದಂಧೆ ಗುಟ್ಟು ಹೇಳು” ಎನ್ನುತ್ತಾರೆ. ನಾನೇನು ಶಾಲೆಯಲ್ಲಿ ಕಲಿತವನಲ್ಲ, ಪೆಟ್ಟು ತಿಂದು ಕಲಿತವನು. ತಿಂದ ಪೆಟ್ಟೆಲ್ಲ ಬಿದ್ದದ್ದು ಒಂದೇ ಜಾಗಕ್ಕೆ, ಹಳೆಯದೂ ಹೊಸದೂ ಕೂಡುವ ಸಂದಿಗೆ. ಅದನ್ನೇ ಬರೆಯುತ್ತೇನೆ.

ತೊಂಬತ್ತರ ದಶಕದಲ್ಲಿ ಆಟ ಬರುತ್ತಿದ್ದದ್ದು ಕ್ಯಾಸೆಟ್‌ನಲ್ಲಿ. ಹಾಡಿನ ಕ್ಯಾಸೆಟ್ ಎಂದುಕೊಳ್ಳಬೇಡಿ. ಬಿಸ್ಕತ್ ಪೊಟ್ಟಣದಂಥ ಪ್ಲಾಸ್ಟಿಕ್ ಇಟ್ಟಿಗೆ, ಅಡಿಯಲ್ಲಿ ಸಾಲಾಗಿ ಲೋಹದ ಪಿನ್ನುಗಳು. ಓಡದಿದ್ದರೆ ಬಾಯಿಂದ ಊದಿ ಮತ್ತೆ ಹಾಕುವುದೇ ರಿಪೇರಿ. ಮೇಲಿನ ಚೀಟಿಯಲ್ಲಿ ಸಾವಿರ ಆಟ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯಷ್ಟು, ಅವನ್ನೇ ಹೆಸರು ಬದಲಿಸಿ ಸಾವಿರಕ್ಕೆ ಎಳೆದಿರುತ್ತಿದ್ದರು.

“ಅಣ್ಣಾ, ಇದೂ ಅದೇ ಆಟ ಅಲ್ವಾ?” ಎಂದು ಗಿರಾಕಿ ಕೇಳಿದರೆ ನನ್ನ ಉತ್ತರ ಸಿದ್ಧವಿರುತ್ತಿತ್ತು. “ಅದ್ರಾಗೆ ಅವನ ಅಂಗಿ ಕೆಂಪು, ಇದ್ರಾಗೆ ನೀಲಿ. ಕಣ್ಣು ಬಿಟ್ಟು ನೋಡು ಮಾರಾಯಾ.”

ಒಂದು ಸಲ ಬೆಂಗಳೂರಿನಿಂದ ಹೊಸ ಮೆಷಿನ್ ತಂದೆ. ನೋಡಲು ಹಳೆಯದರ ಅವಳಿ, ಬಾಯಿ ಮಾತ್ರ ಒಂದಿಷ್ಟು ಅಗಲ. ಹಳೆಯ ಕ್ಯಾಸೆಟ್‌ಗಳೆಲ್ಲ ಅದರೊಳಗೆ ದೊಡ್ಡಣ್ಣನ ಚಪ್ಪಲಿಗೆ ತಮ್ಮ ಕಾಲು ಹಾಕಿದ ಹಾಗೆ ಗಲಗಲ ಎಂದವು. ಒಂದೂ ಓಡಲಿಲ್ಲ. ಅಂಗಡಿ ಸಾಲಿನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಖಾದರ್ ಸಾಬರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಮೆಷಿನ್ನಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ ನಕ್ಕರು.

“ಮಿಯಾ, ಕಂಪನಿಯೋರ ದಿಮಾಗ್ ನೋಡ್ರಿ. ಬಾಯಿ ಅಗಲ ಮಾಡೋಕೆ ಅವ್ರಿಗೆ ಚಿಟಿಕೆ ಪ್ಲಾಸ್ಟಿಕ್ ಖರ್ಚು. ನಿಮ್ಮ ಕಪಾಟು ತುಂಬ ಇರೋ ಕ್ಯಾಸೆಟ್ ಪೂರಾ ಬೇಕಾರ್.”

“ದವಾ ಐತಾ ಸಾಬ್ರೆ?”

“ದವಾ ಐತೆ. ಫೀಸೂ ಐತೆ.”

ಹಳೆಯ ಮೆಷಿನ್ನಿನ ಬಾಯಿ ಕಿತ್ತು, ತಂತಿ ಬೆಸೆದು, ಹೊಸದಕ್ಕೆ ಕೂರುವ ಒಂದು ಜೋಡಣೆ ಮಾಡಿಕೊಟ್ಟರು. ಮೆಷಿನ್ ನೋಡಲು ಬಾಯಲ್ಲಿ ಇನ್ನೊಂದು ಬಾಯಿ ಕಚ್ಚಿಕೊಂಡಂತೆ ಕಾಣುತ್ತಿತ್ತು. ಓಡಿತು. ಫೀಸಾಗಿ ಅವರು ಕೇಳಿದ್ದು ನಮ್ಮ ಅಂಗಡಿ ಫ್ಯಾನಿನ ಕೆಳಗಿನ ಕುರ್ಚಿ. ಬೇಸಿಗೆ ಪೂರ್ತಿ ಮಧ್ಯಾಹ್ನದ ಹೊತ್ತು ಅದರಲ್ಲಿ ನಿದ್ದೆ ಹೊಡೆದರು. ಗೊರಕೆಗೆ ಗಿರಾಕಿಗಳು ಟಿವಿ ಸದ್ದು ಹೆಚ್ಚಿಸುತ್ತಿದ್ದರು.

ಆಮೇಲೆ ಡಿಸ್ಕ್ ಮೆಷಿನ್ ಬಂತು. ಡಿಸ್ಕ್ ಓದುವ ಕಣ್ಣು ಅದರ ಒಳಗಿರುತ್ತದೆ. ಸವೆದರೆ ಆ ಕಣ್ಣು ಜೋತುಬಿದ್ದು ಡಿಸ್ಕ್ ಕಾಣುವುದಿಲ್ಲ. ಆಗ ಮೆಷಿನ್ನನ್ನು ಕವುಚಿ ಹಾಕಬೇಕು. ತಲೆಕೆಳಗಾದರೆ ಕಣ್ಣು ಮತ್ತೆ ಡಿಸ್ಕಿನ ಹತ್ತಿರ ಬರುತ್ತದೆ, ಆಟ ಓಡುತ್ತದೆ. ಇಂಥದೊಂದನ್ನು ಒಬ್ಬ ಮೇಷ್ಟ್ರಿಗೆ ಮಾರಿದೆ. “ಇದ್ಯಾಕಪ್ಪಾ ಕವುಚಿ ಇಟ್ಟಿದ್ದೀಯಾ?” ಎಂದರು. “ಇದು ತಲೆಕೆಳಗೆ ಓಡೋ ಮಾಡೆಲ್ ಸಾರ್, ಧೂಳು ಕೂರಲ್ಲ” ಎಂದೆ. ವಾರ ಕಳೆದಿರಲಿಲ್ಲ, ದೇವಸಮುದ್ರದಿಂದ ಇಬ್ಬರು ಬಸ್ಸಿಳಿದು ಬಂದರು. “ಮೇಷ್ಟ್ರ ಮನ್ಯಾಗೆ ಐತಲ್ಲ, ತಲೆಕೆಳಗಿಂದು, ನಮಗೂ ಅದೇ ಬೇಕು. ನೆಟ್ಟಗಿರೋದು ಬ್ಯಾಡ.” ನೆಟ್ಟಗಿದ್ದದ್ದನ್ನೇ ಕವುಚಿ ಕೊಟ್ಟು ಕಳಿಸಿದೆ. ಗಿರಾಕಿಗೆ ಬೇಕಾದ್ದನ್ನು ಕೊಡುವುದೇ ವ್ಯಾಪಾರ.

ಇವೆಲ್ಲ ಚಿಲ್ಲರೆ. ದೊಡ್ಡ ಪಾಠ ಕಲಿಸಿದ್ದು ಎರಡು ಸಾವಿರದ ನಂತರ ಬಂದ ಎರಡನೇ ತಲೆಮಾರಿನ ಡಿಸ್ಕ್ ಮೆಷಿನ್, ಮತ್ತು ಮೊಳಕಾಲ್ಮೂರಿನ ಪದ್ಮಕ್ಕ.

ಪದ್ಮಕ್ಕನದು ರೇಷ್ಮೆ ಸೀರೆ ನೇಯುವ ಮನೆ, ಮನೆಮಾತು ತೆಲುಗು. ಮುಂದಿನ ಕೋಣೆಯಲ್ಲಿ ಎರಡು ಕುಣಿ ಮಗ್ಗಗಳಿದ್ದವು. ನೆಲದಲ್ಲಿ ಗುಂಡಿ ತೋಡಿ, ನೇಯುವವನು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ತುಳಿಯುವ ಮಗ್ಗ ಅದು. ಒಂದನ್ನು ಆಕೆಯ ಗಂಡ ಹಿತ್ತಲ ಕೋಣೆಗೆ ಸಾಗಿಸಿಕೊಂಡ. ಇನ್ನೊಂದು ಮೈದುನ ಚಿನ್ನಪ್ಪನದು. ಬಿಚ್ಚಿ ಅಟ್ಟಕ್ಕೆ ಕಟ್ಟಿಸಿದಳು, ಚಿನ್ನಪ್ಪ ನೆಂಟರ ಮನೆಯಲ್ಲಿ ಕೂತು ನೇಯತೊಡಗಿದ. ಖಾಲಿಯಾದ ಕೋಣೆಗೆ ನನ್ನಿಂದ ಎರಡು ಮೆಷಿನ್ ಕೊಂಡು ಗೇಮ್ ಅಂಗಡಿ ಹಾಕಿದಳು. ಚಿನ್ನಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ. “ಕುಣಿ ಮುಚ್ಚಂಗಿಲ್ಲ ವದಿನಾ. ಒಂದು ಅಮಾವಾಸ್ಯೆ ಈ ಕೋಣೆ ಖಾಲಿ ಹೊಡೀತು ಅಂದ್ರೆ ಮರುದಿನ ನನ್ನ ಮಗ್ಗ ಅಟ್ಟದಿಂದ ಇಳಿತೈತೆ.” ವದಿನ ಎಂದರೆ ಅತ್ತಿಗೆ.

ಅಮಾವಾಸ್ಯೆಯನ್ನೇ ಯಾಕೆ ಹಿಡಿದ ಎಂದರೆ, ಅಲ್ಲಿ ನೇಕಾರರು ಅಂದು ಮಗ್ಗ ಮುಟ್ಟುವುದಿಲ್ಲ. ಬೀದಿಯ ಗಂಡಸರೆಲ್ಲ ಕೈ ಖಾಲಿ ಬಿಟ್ಟುಕೊಂಡು ಓಡಾಡುವ ದಿನ ಅದೊಂದೇ. ಪದ್ಮಕ್ಕನ ಅಂಗಡಿ ನಿಂತಿದ್ದೇ ಆ ದಿನದ ಮೇಲೆ. ಬೆಳಿಗ್ಗೆಯಿಂದ ಫುಟ್‌ಬಾಲ್ ಆಟ. ಎರಡು ಕುಣಿಗಳ ಅಂಚಿನಲ್ಲಿ ಇಬ್ಬಿಬ್ಬರಂತೆ ನಾಲ್ವರು ಕಾಲು ಇಳಿಬಿಟ್ಟು ಕೂರುವರು. ನಾಲ್ವರಿಗೂ ಒಂದೇ ಟಿವಿ, ಒಂದೇ ಮೆಷಿನ್. ಮೆಷಿನ್‌ಗೆ ಎರಡೇ ಕಂಟ್ರೋಲರ್ ಹಿಡಿಯುತ್ತವಾದರೂ, ಅದರ ಮುಂದೆ ಒಂದು ಡಬ್ಬಿ ಸಿಕ್ಕಿಸಿದರೆ ನಾಲ್ಕು ಹಾಕಬಹುದು. ನಾವು ಅದನ್ನು ನಾಲ್ವರ ಡಬ್ಬಿ ಎನ್ನುತ್ತಿದ್ದೆವು. ಈ ನಾಲ್ವರು ಆಡುವಾಗ ಹಿಂದೆ ಹತ್ತಾರು ಮಂದಿ ನಿಂತು ಬೈಯುತ್ತಿದ್ದರು. ಬೈಯುವವರೇ ಮುಂದಿನ ಸರದಿಯವರು. ಇಬ್ಬರೇ ಆಡುವುದಾದರೆ ಯಾರೂ ಕಾಯುತ್ತಿರಲಿಲ್ಲ; ಜಗಳಕ್ಕೆ ಜನ ಸಾಲದು.

ಇಷ್ಟು ಚೆನ್ನಾಗಿ ನಡೆಯುವಾಗ ಬೆಂಗಳೂರಿನಲ್ಲಿ ನನಗೆ ಮಾಲು ಕೊಡುತ್ತಿದ್ದ ಸಗಟು ವ್ಯಾಪಾರಿ ಫೋನ್ ಮಾಡಿದ. ನಾವೆಲ್ಲ ಅವನನ್ನು ಸೇಠ್ ಎನ್ನುತ್ತಿದ್ದೆವು. ನನಗೆ ಮೇಲಧಿಕಾರಿ ಅಂತ ಯಾರಾದರೂ ಇದ್ದರೆ ಅವನೇ. ಅದೇ ಮೆಷಿನ್ ಈಗ ತೆಳ್ಳಗಾಗಿ ಬಂದಿದೆಯಂತೆ, ಪುಸ್ತಕದಷ್ಟು ಸಣ್ಣದು.

“ಹಳೇ ಡಿಸ್ಕ್ ಓಡ್ತದಾ ಸೇಠ್?”

“ಸಬ್ ಓಡ್ತದೆ.”

“ಹಳೇ ಕಂಟ್ರೋಲರ್? ಆಟ ಉಳಿಸೋ ಕಾರ್ಡು?”

“ಸಬ್ ಸಬ್. ಅದೇ ಮೆಷಿನ್ ತಿಪ್ಪೇಸ್ವಾಮಿ, ಉಪವಾಸ ಮಾಡಿ ಸಣ್ಣ ಆಗಿದೆ ಅಷ್ಟೇ.”

ನಾನು ಕುರಿ ಮನೆತನದವನು. ಬಾಯಿ ಬಿಡಿಸಿ ಹಲ್ಲು ನೋಡದೆ ಕುರಿ ಕೊಂಡವನಲ್ಲ. ಬೆಂಗಳೂರಿಗೇ ಹೋಗಿ ಡಿಸ್ಕ್ ಹಾಕಿ ನೋಡಿದೆ, ಓಡಿತು. ಕಂಟ್ರೋಲರ್ ಚುಚ್ಚಿ ನೋಡಿದೆ, ಕಾರ್ಡ್ ತುರುಕಿ ನೋಡಿದೆ, ಎಲ್ಲ ಸರಿ. ಕುರಿಯ ಹಲ್ಲನ್ನು ಒಂದೊಂದಾಗಿ ನೋಡುವುದು ರೂಢಿ. ಹಾಗೆಯೇ ಮೆಷಿನ್ನನ್ನೂ ಒಂದೊಂದೇ ತೂತಿನಂತೆ ನೋಡಿದೆ. ನಾಲ್ವರ ಡಬ್ಬಿ ಮಾತ್ರ ಒಂದು ತೂತಿನದಲ್ಲ. ಅದಕ್ಕೆ ಎರಡು ಹಲ್ಲು. ಒಂದು ಕಂಟ್ರೋಲರ್ ತೂತಿಗೆ, ಇನ್ನೊಂದು ಅದರ ಮೇಲಿನ ಕಾರ್ಡಿನ ತೂತಿಗೆ, ಎರಡೂ ಒಟ್ಟಿಗೇ ಕೂರಬೇಕು. ಅದು ಮೊಳಕಾಲ್ಮೂರಿನಲ್ಲಿತ್ತು. ನಾನಿದ್ದದ್ದು ಬೆಂಗಳೂರಿನಲ್ಲಿ.

ತೆಳು ಮೆಷಿನ್ ಎರಡನ್ನು ಪದ್ಮಕ್ಕನ ಮುಂದಿಟ್ಟು, ಸೇಠ್‌ನ ಉಪವಾಸದ ಮಾತನ್ನೂ ಸೇರಿಸಿ ಹಾಡಿ ಹೊಗಳಿದೆ. ಕರೆಂಟ್ ಕಡಿಮೆ, ಸದ್ದಿಲ್ಲ, ಕಣ್ಣು ಹೊಸದು, ಹಳೆಯ ದಪ್ಪ ಮೆಷಿನ್ ಎರಡೂ ನನಗಿರಲಿ. ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ತಿಪ್ಪೇಸಣ್ಣ, ನಾವು ಮಗ್ಗಕ್ಕೆ ಹೊಸ ಹಾಸು, ಅಂದ್ರೆ ಉದ್ದದ ಎಳೆ, ಹಾಕೋವಾಗ ಹಳೇ ಹಾಸಿನ ತುದಿಗೆ ಎಳೆ ಎಳೆ ಸೇರಿಸಿ ಹೊಸೆದು, ಎಳೆದು ನೋಡ್ತೀವಿ. ಒಂದು ಎಳೆ ತಪ್ಪಿದ್ರೂ ಸೀರೆ ಹೋತು. ನೀವು ಇದನ್ನ ಎಲ್ಲಾ ಸೇರಿಸಿ ನೋಡಿದ್ರಾ?”

“ನೋಡೋದೇನೈತಕ್ಕ? ಒಂದೇ ಕಂಪನಿ, ಒಂದೇ ರಕ್ತ.”

“ರಕ್ತ ಒಂದೇ ಆದ್ರೆ ಎಲ್ಲಾ ಸರೀಗಿರ್ತೈತಾ? ನಮ್ಮ ಮೈದುನನ್ನ ನೋಡಿದ್ರೂ ಹಿಂಗಂತೀರಲ್ಲ.”

ಆದರೂ ಕೊಂಡಳು. ದಪ್ಪ ಮೆಷಿನ್‌ಗಳಿಗೆ ಸೇಠ್ ಹೇಳಿದ್ದು ಗುಜರಿ ಬೆಲೆ. ಅವನಿಗೆ ಕೊಡದೆ ಆಂಧ್ರ ಗಡಿಯಾಚೆಯ ರಾಯದುರ್ಗದಲ್ಲಿ ಗೇಮ್ ಅಂಗಡಿ ಇಟ್ಟಿದ್ದ ಸುಬ್ಬಯ್ಯನಿಗೆ ಒಳ್ಳೆಯ ಬೆಲೆಗೆ ದಾಟಿಸಿದೆ. “ಇಂಥ ಗಟ್ಟಿ ಮೆಷಿನ್ ಇನ್ನು ಸಿಗಲ್ಲ ಸುಬ್ಬಯ್ಯ, ಕಂಪನಿ ನಿಲ್ಲಿಸಿಬಿಟ್ಟೈತೆ” ಎಂದಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅಮಾವಾಸ್ಯೆ ಹತ್ತಿರ ಬಂತು. ಪದ್ಮಕ್ಕನ ಫೋನ್ ಅದಕ್ಕಿಂತ ಮೊದಲೇ ಬಂತು. “ಡಬ್ಬಿ ಕೂರ್ತಿಲ್ಲಣ್ಣ.”

“ಒತ್ತಿ ಹಾಕಿ ಅಕ್ಕ, ಹೊಸದು, ಬಿಗಿ ಇರ್ತೈತೆ.”

“ಒತ್ತಿದ್ದು ನಮ್ಮ ಚಿನ್ನಪ್ಪ. ಇನ್ನೊಂದು ಸಲ ಒತ್ತಿಸ್ಲಾ?”

ಸಿಕ್ಕ ಬಸ್ಸು ಹತ್ತಿದೆ. ಕೋಣೆಯ ನಡುವೆ ಮೆಷಿನ್, ಪಕ್ಕದಲ್ಲಿ ಡಬ್ಬಿ. ಹಿಡಿದು ನೋಡಿದರೆ ತೆಳು ಮಾಡುವ ಭರದಲ್ಲಿ ಎರಡು ತೂತುಗಳನ್ನು ಒಂದಿಷ್ಟು ಹತ್ತಿರ ತಂದಿದ್ದಾರೆ. ಒಂದು ಹಲ್ಲು ಒಳಗೆ ಹೋದರೆ ಇನ್ನೊಂದು ಗೋಡೆಗೆ ಗುದ್ದುತ್ತದೆ. ಆಟ ಅದೇ, ಡಿಸ್ಕ್ ಅದೇ, ಕಾರ್ಡ್ ಅದೇ; ನಾಲ್ಕು ಜನ ಒಟ್ಟಿಗೆ ಕೂರುವುದೊಂದು ಬಿಟ್ಟು ಮಿಕ್ಕೆಲ್ಲ ಸರಿಯಾಗಿತ್ತು. ಚಿನ್ನಪ್ಪ ಕುಣಿಯ ಅಂಚಿನಲ್ಲಿ ಕೂತು ಕಾಲಾಡಿಸುತ್ತಿದ್ದ.

“ಏನ್ರಿ ತಿಪ್ಪೇಸಣ್ಣ, ಉಪವಾಸ ಮಾಡಿ ಹಲ್ಲೂ ಉದುರಿದ್ವಾ ಇದಕ್ಕೆ? ಅಟ್ಟದ ಹಗ್ಗ ಬಿಚ್ಚೋಕೆ ಬರ್ತೀರಾ, ಇಲ್ಲಾ ನಾನೇ ಬಿಚ್ಕೊಳ್ಳಾ?”

ಸೇಠ್‌ಗೆ ಫೋನ್ ಹಚ್ಚಿದೆ. “ಅದಕ್ಕೆ ಬೇರೆ ಡಬ್ಬಿ ಬರ್ತದೆ ತಿಪ್ಪೇಸ್ವಾಮಿ.”

“ಅವತ್ತು ಸಬ್ ಸಬ್ ಅಂದ್ರಿ?”

“ಹಾಂ, ಸಬ್ ಬರ್ತದೆ. ಡಬ್ಬಿ ಭೀ ಬರ್ತದೆ.”

“ಯಾವಾಗ?”

“ಬಂದಾಗ.”

ಹುಡುಗರೇ, ದೊಡ್ಡ ಕಂಪನಿಗಳ ಜಾಣತನವನ್ನು ಇಲ್ಲಿ ನೋಡಿ. ಹೊಸ ವಸ್ತು ಕಂಡುಹಿಡಿಯಲು ವರ್ಷಗಳು ಬೇಕು. ಇದ್ದ ತೂತನ್ನು ಚೂರು ಜರುಗಿಸಲು ಒಂದು ಗೆರೆ ಎಳೆದರೆ ಆಯಿತು, ಜಗತ್ತಿನ ಡಬ್ಬಿಗಳೆಲ್ಲ ಮತ್ತೆ ಮಾರಾಟವಾಗುತ್ತವೆ. ನಾನು ಜೀವಮಾನವೆಲ್ಲ ಚೌಕಾಸಿ ಮಾಡಿದವನು, ಇಷ್ಟು ಸಲೀಸಾಗಿ ಯಾರ ಜೇಬಿಗೂ ಕೈ ಹಾಕಲು ನನಗೆ ಬರಲಿಲ್ಲ.

ಡಬ್ಬಿ, ಮೆಷಿನ್ ಎರಡನ್ನೂ ಚಳ್ಳಕೆರೆಗೆ ಖಾದರ್ ಸಾಬರ ಹತ್ತಿರ ತಂದೆ. ಅವರು ಕನ್ನಡಕ ಹಣೆಗೇರಿಸಿ, “ತಂತಿ ಬೆಸೆದು ಎಳೀಬಹುದು ಮಿಯಾ. ತಪ್ಪಿದ್ರೆ ಮೆಷಿನ್ ಸುಟ್ಟೋಗ್ತದೆ. ಕ್ಯಾಸೆಟ್ ಜಮಾನಾ ಅಲ್ಲ ಇದು. ದಪ್ಪ ಮೆಷಿನ್ ಹುಡುಕ್ರಿ” ಎಂದರು. ಹುಡುಕುವುದೇನು, ಅದು ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಅಮಾವಾಸ್ಯೆಯ ಹಿಂದಿನ ದಿನ ಮೊಳಕಾಲ್ಮೂರಿನ ಮೇಲೆ ರಾಯದುರ್ಗಕ್ಕೆ ಹೊರಟೆ. ಪದ್ಮಕ್ಕ ತೆಳು ಮೆಷಿನ್ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಜೊತೆಗೇ ಬಂದಳು. “ನೀವು ಬ್ಯಾಡಕ್ಕ, ವ್ಯಾಪಾರದ ಮಾತು ನಾನು ನೋಡ್ಕೊಂತೀನಿ” ಎಂದೆ. “ಇಲ್ಲೀವರೆಗೂ ನೀವು ನೋಡ್ಕೊಂಡಿದ್ದಕ್ಕೇ ಅಲ್ವಾ ಈ ಬಸ್ಸು ಹತ್ತಿದ್ದು” ಎಂದಳು.

ಸುಬ್ಬಯ್ಯ ನಮ್ಮನ್ನು ಕಂಡೊಡನೆ ವಿಷಯ ವಾಸನೆ ಹಿಡಿದ. ದಪ್ಪ ಮೆಷಿನ್ ಮೇಲೆ ಕೈಯಿಟ್ಟು ಸವರುತ್ತಾ ನನ್ನ ಮಾತನ್ನೇ ನನಗೆ ಮಾರಿದ. “ಇಂಥ ಗಟ್ಟಿ ಮೆಷಿನ್ ಇನ್ನು ಸಿಗಲ್ಲ ತಿಪ್ಪೇಸ್ವಾಮಿ. ಕಂಪನಿ ನಿಲ್ಲಿಸಿಬಿಟ್ಟೈತೆ. ಇದೊಂದು ಬೇಕಂದ್ರೆ ತೆಳುವಿಂದು ಎರಡು ಕೊಡು.”

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪದ್ಮಕ್ಕ ತೆಲುಗಿನಲ್ಲಿ ಶುರು ಮಾಡಿದಳು. ಆ ಮೆಷಿನ್ ತನ್ನ ಮನೆಯಲ್ಲೇ ಬಾಳಿದ್ದು ಎಂದಳು. ಅದರ ಕಣ್ಣು ಮಂಜಾಗಿದೆ, ಸಂಜೆ ಹೊತ್ತಿಗೆ ಡಿಸ್ಕ್ ಓದಲು ಮುಷ್ಕರ ಹೂಡುತ್ತದೆ, ಡಿಸ್ಕ್ ತಟ್ಟೆ ಅರ್ಧಕ್ಕೇ ನಿಂತರೆ ಬೆರಳಿಂದ ಎಳೆಯಬೇಕು ಎಂದಳು. ಮೇಲಿನ ಗೀರನ್ನು ಕಪ್ಪು ಬಣ್ಣ ಹಚ್ಚಿ ಮುಚ್ಚಿದ್ದನ್ನೂ ಉಗುರಿಂದ ಕೆರೆದು ತೋರಿಸಿದಳು. ಬಣ್ಣ ಯಾರು ಹಚ್ಚಿದ್ದು ಎಂದು ಆಕೆ ಹೇಳಲಿಲ್ಲ. ನನ್ನ ಕಡೆ ನೋಡಿದಳು ಅಷ್ಟೇ.

“ಏಂದಿ ಅನ್ನಾ ಇದಿ?” ಎಂದು ಸುಬ್ಬಯ್ಯ ನನ್ನನ್ನು ಕೇಳಿದ. ಇದೇನಣ್ಣ ಎಂದು. ಧ್ವನಿಯಲ್ಲಿ ಅಣ್ಣ ಅನ್ನುವ ಭಾವ ಅಷ್ಟೇನೂ ಇರಲಿಲ್ಲ.

“ಇದಕ್ಕೆ ಹಾಕೋ ಡಬ್ಬಿ ನಿನ್ನ ಹತ್ರ ಐತಾ?” ಪದ್ಮಕ್ಕ ಅವನನ್ನು ಕೇಳಿದಳು. ಇರಲಿಲ್ಲ. “ಮತ್ತೆ ದಪ್ಪ ಇಟ್ಕೊಂಡು ಏನು ಮಾಡ್ತೀಯಾ? ಇಬ್ಬರು ಆಡೋಕೆ ಇದು ಸಾಕಲ್ಲ, ಹೊಸ ಕಣ್ಣು” ಎಂದು ಸೆರಗು ಬಿಚ್ಚಿ ತೆಳು ಮೆಷಿನ್ ಮೇಜಿನ ಮೇಲಿಟ್ಟಳು.

ಒಂದಕ್ಕೆ ಒಂದು. ಮೇಲೆ ಏನೂ ಇಲ್ಲ. ಸುಬ್ಬಯ್ಯ ನಗುತ್ತಲೇ ಬದಲಾಯಿಸಿಕೊಂಡ, ನನ್ನನ್ನು ಮಾತ್ರ ಬಾಗಿಲವರೆಗೆ ಬಂದು ನಿಲ್ಲಿಸಿದ. “ಇನ್ನು ಮುಂದೆ ಮಾಲು ತರೋದಾದ್ರೆ ಆ ಅಕ್ಕನ್ನ ಕರ್ಕೊಂಡು ಬಾ. ಒಬ್ಬನೇ ಬರಬ್ಯಾಡ.” ಒಳ್ಳೆಯ ಗಿರಾಕಿ, ಆಮೇಲೆ ನನ್ನಿಂದ ಒಂದು ವೈರು ಕೂಡ ಕೊಳ್ಳಲಿಲ್ಲ.

ಅಮಾವಾಸ್ಯೆ ಬೆಳಿಗ್ಗೆ ಖಾದರ್ ಸಾಬರು ಮೊಳಕಾಲ್ಮೂರಿಗೇ ಬಂದು ಮೆಷಿನ್ನಿನ ಕಣ್ಣು ಒರೆಸಿಕೊಟ್ಟರು. ಡಬ್ಬಿ ಸಲೀಸಾಗಿ ಕೂತಿತು. ಹಳೆಯ ಕಾರ್ಡು ಹಾಕಿದರೆ ಎಲ್ಲರ ತಂಡಗಳೂ ಇದ್ದ ಹಾಗೇ ಇದ್ದವು. ಆದರೆ ಹೊಸ ಮೆಷಿನ್‌ನಲ್ಲಿ ನಾಲ್ವರಿಗೆ ಆಗುವುದಿಲ್ಲ ಎಂಬ ಸುದ್ದಿಯನ್ನು ಚಿನ್ನಪ್ಪ ಊರೆಲ್ಲ ಹಬ್ಬಿಸಿದ್ದ. ಬಹಳ ಹೊತ್ತು ಯಾರೂ ಬರಲಿಲ್ಲ. ಪದ್ಮಕ್ಕ ಬಾಗಿಲಲ್ಲಿ ನಿಂತು ಬೀದಿಯ ಎರಡೂ ತುದಿ ನೋಡುತ್ತಿದ್ದಳು. ಕೊನೆಗೆ ಮೂವರು ಬಂದು ಕೂತರು. ನಾಲ್ಕನೆಯವನಿಲ್ಲ.

ಕೋಣೆ ಖಾಲಿ ಹೊಡೆಯುವುದನ್ನು ನೋಡಲೆಂದೇ ಬಂದು ನಿಂತಿದ್ದ ಚಿನ್ನಪ್ಪನನ್ನು ಮೂವರಲ್ಲೊಬ್ಬ ಕೆಣಕಿದ. “ಬಾರಲೇ ಚಿನ್ನ, ಸೋಲ್ತೀನಿ ಅಂತ ಹೆದರಿಕೆನಾ?”

“ಯಾವನಿಗಲೇ ಹೆದರಿಕೆ?” ಎಂದವನೇ ತನ್ನ ಕುಣಿಗೆ ಕಾಲು ಇಳಿಬಿಟ್ಟು ಕಂಟ್ರೋಲರ್ ಕಿತ್ತುಕೊಂಡ. ತನ್ನ ಗೋಲಿಗೆ ತಾನೇ ಚೆಂಡು ಹೊಡೆದುಕೊಂಡ. ಅದಕ್ಕೆ ಜೊತೆಗಾರ ಬೈದ ಬೈಗುಳ ಬೀದಿಯ ಕೊನೆಗೆ ಕೇಳಿಸಿತು, ಜನ ನುಗ್ಗಿದರು. ಮಧ್ಯಾಹ್ನದ ಹೊತ್ತಿಗೆ ನನಗೆ ನಿಲ್ಲಲು ಜಾಗವಿರಲಿಲ್ಲ. ಚಿನ್ನಪ್ಪನನ್ನು ಕುಣಿಯಿಂದ ಎಬ್ಬಿಸಲು ಪದ್ಮಕ್ಕ ಸರದಿ ಮುಗಿಯಿತು ಎಂದು ಹಲವು ಬಾರಿ ಕೂಗಬೇಕಾಯಿತು.

“ಮಗ್ಗ ಇಳಿಸೋದು ಯಾವಾಗ ಚಿನ್ನಪ್ಪ?” ಎಂದು ನಾನೇ ಕೇಳಿದೆ.

“ಮುಂದಿನ ಅಮಾವಾಸ್ಯೆ ನೋಡನ ಬಿಡ್ರಿ. ಈ ಬಡ್ಡಿಮಗನ್ನ ಒಂದ್ಸಲ ಸೋಲಿಸ್ಬೇಕು.”

ಆ ಮುಂದಿನ ಅಮಾವಾಸ್ಯೆ ವರ್ಷಗಟ್ಟಲೆ ನಡೆಯಿತು. ತೆಳು ಮೆಷಿನ್ ದಿನಾಲೂ ಓಡಿತು, ದಪ್ಪದ್ದು ಅಮಾವಾಸ್ಯೆಗೊಮ್ಮೆ. ಸೇಠ್ ಹೇಳಿದ ಹೊಸ ಡಬ್ಬಿ ಬಂದಾಗ ಆ ಮೆಷಿನ್‌ಗಳನ್ನು ಕೇಳುವವರೇ ಇರಲಿಲ್ಲ.

ಈ ವ್ಯಾಪಾರಕ್ಕೆ ಇಳಿಯುವವರಿಗೆ ನನ್ನ ಮಾತು ಇಷ್ಟು. ಹೊಸ ಮಾಡೆಲ್ ಕೊಳ್ಳಲು ಹೋಗುವಾಗ ಹಳೆಯದಕ್ಕೆ ಸಿಕ್ಕಿಸುತ್ತಿದ್ದದ್ದನ್ನೆಲ್ಲ, ಮೂಲೆಯಲ್ಲಿ ಬಿದ್ದ ವೈರನ್ನೂ ಬಿಡದೆ, ಚೀಲಕ್ಕೆ ತುಂಬಿಕೊಂಡು ಹೋಗಿ. ಅಂಗಡಿಯವನ ಎದುರಿಗೇ ಒಟ್ಟಿಗೆ ಜೋಡಿಸಿ, ಬಿಡಿಬಿಡಿಯಾಗಿ ಬೇಡ. “ಎಲ್ಲಾ ಓಡ್ತದೆ” ಎಂದರೆ “ಯಾವ್ಯಾವುದು” ಎಂದು ಕೇಳಿ, ಹೆಸರು ಹಿಡಿದು ಹೇಳಿಸಿ. ಹಳೆಯದನ್ನು ಒಂದು ಹಬ್ಬವೋ ಒಂದು ಅಮಾವಾಸ್ಯೆಯೋ ದಾಟುವವರೆಗೆ ಮನೆಯಿಂದ ಹೊರಗೆ ಕಳಿಸಬೇಡಿ. ಇನ್ನು ನೀವೇ ಮಾರಲು ಕೂತಿದ್ದರೆ, ಗಿರಾಕಿ ವೇಗ ಎಷ್ಟು, ಬಣ್ಣ ಯಾವುದು ಎಂದು ಕೇಳುತ್ತಾನೆ, ಕೇಳಲಿ. ನೀವು ಮೊದಲು ಅವನನ್ನು ಕೇಳಬೇಕಾದ್ದು, ಇದರ ಮುಂದೆ ಒಟ್ಟಿಗೆ ಕೂರುವವರು ಎಷ್ಟು ಜನ ಎಂದು. ಆ ಉತ್ತರ ಬರುವ ತನಕ ಡಬ್ಬದ ಸೀಲ್ ಒಡೆಯಬೇಡಿ.